ಎರಡು ತಲೆಯ ಮೈಕ್ರೋಸ್ಕೋಪ್

ಭಾನುವಾರ, ಅಕ್ಕನ ಮನೆ

ನಮ್ಮ ಮೇಷ್ಟ್ರಿಗೆ,

ಮದುವೆಯಾದ ಮೇಲೂ ಹೀಗೇ ಕರೆದವಳು, ಈಗ ಬೇರೆ ಏನು ಕರೆಯಲಿ? ನಾನು ಕ್ಷೇಮ. ಕತ್ತು ಮಾತ್ರ ನನ್ನ ಮಾತು ಕೇಳುವುದಿಲ್ಲ. ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಬಗ್ಗಿ ನೋಡಿ ಮನೆಗೆ ಬಂದರೆ, ಕಣ್ಣು ಮುಚ್ಚಿದರೂ ರಕ್ತದ ಕಣಗಳೇ ತೇಲುತ್ತವೆ.

ಒಂದು ವರ್ಷ ತುಟಿ ಪಿಟಕ್ಕೆನ್ನದ ನೀವು, ನನ್ನ ಗಂಡ, ಈಗ ಸ್ವಂತ ಲ್ಯಾಬ್ ತೆರೆಯುತ್ತೇನೆ, ಯಾವ ಮೈಕ್ರೋಸ್ಕೋಪ್ ಕೊಳ್ಳಲಿ ಎಂದು ಕೇಳಿ ಕ್ಯಾಟಲಾಗ್ ಕಳಿಸಿದ್ದೀರಿ. ನನಗೆ ಸ್ಲೈಡು ಹಿಡಿಯಲು ಕಲಿಸಿದವರೇ ನನ್ನನ್ನು ಕೇಳುವುದೇ! ನಗು ಬಂತು, ಆಮೇಲೆ ಸುಸ್ತಾಯಿತು. ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ.

ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ ಎಂಬ ಅಂಕಿಗೆ ಮರುಳಾಗಬೇಡಿ. ಮಸುಕನ್ನು ದೊಡ್ಡದು ಮಾಡಿದರೆ ದೊಡ್ಡ ಮಸುಕು, ಅಷ್ಟೆ. ಲೆನ್ಸು ಒಳ್ಳೆಯದಿರಲಿ, ಅಂಚಿನವರೆಗೂ ಚೊಕ್ಕವಾಗಿ ಕಾಣಲಿ. ಅಗ್ಗವೆಂದು ಒಂದೇ ಕಣ್ಣಿಟ್ಟು ನೋಡುವಂಥದ್ದನ್ನು ತಂದರೆ ಮಧ್ಯಾಹ್ನದೊಳಗೆ ತಲೆ ಸಿಡಿಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮದೇ ಸ್ಲೈಡು ಒಯ್ಯಿರಿ. ಅಂಗಡಿಯವನ ಸ್ಲೈಡಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಎಣ್ಣೆ ಹಾಕಿ ನೋಡುವ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸುವ ಚಾಳಿಯನ್ನು ಇನ್ನಾದರೂ ಬಿಡಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾಳೆ ಅಕ್ಕ.

ಕಳೆದ ವರ್ಷ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಲ್ಯಾಬಿಗೆ ಬಂದ ಆ ಮಗುವಿನ ಸ್ಲೈಡಿನ ವಿಷಯ ನೀವು ಎತ್ತಿಲ್ಲ. ನಾನೇ ಎತ್ತುತ್ತೇನೆ. ಮಲೇರಿಯಾ ಇದೆ ಎಂದಿರಿ ನೀವು; ಅದು ಸ್ಲೈಡಿಗೆ ಹಾಕಿದ ಬಣ್ಣದ ಕಸ ಎಂದೆ ನಾನು. ನೀವು ಎದ್ದು, ನಾನು ಸ್ಟೂಲು ಏರಿಸಿಕೊಂಡು ಕೂತು, ಕಣ್ಣಿಡುವ ಕೊಳವೆಗಳನ್ನು ನನ್ನ ಅಳತೆಗೆ ಸರಿಸುವಷ್ಟರಲ್ಲಿ ಸ್ಲೈಡು ಅಲುಗಿತು. ನೀವು ಕಂಡದ್ದು ನನಗೆ ಸಿಗಲೇ ಇಲ್ಲ. ಅಲ್ಲೇ, ಅಲ್ಲೇ ಇದೆ ನೋಡು ಎಂದು ಗಾಳಿಯಲ್ಲಿ ಬೆರಳು ಆಡಿಸಿದಿರಿ. ಕೊನೆಗೆ ಎಲ್ಲರೆದುರು, ಕಣ್ಣಿಲ್ವಾ ನಿನಗೆ ಅಂದುಬಿಟ್ಟಿರಿ. ಮರುದಿನ ತೆಗೆದ ರಕ್ತದಲ್ಲಿ ಏನೂ ಇರಲಿಲ್ಲ. ನನ್ನ ಮಾತೇ ನಿಜವಾಯಿತು. ನೀವು ತಪ್ಪಾಯ್ತು ಅನ್ನಲಿಲ್ಲ, ನಾನು ಗಂಟುಮೂಟೆ ಕಟ್ಟಿದೆ. ಗೆದ್ದ ಖುಷಿ ಬಸ್ಸು ಹತ್ತುವವರೆಗೂ ಉಳಿಯಲಿಲ್ಲ.

ಸಾಕು. ಕ್ಯಾಟಲಾಗಿನ ಮೊದಲನೆಯದು ನಿಮ್ಮೊಬ್ಬರಿಗೆ ಧಾರಾಳವಾಗಿ ಸಾಲುತ್ತದೆ, ಅದನ್ನೇ ತನ್ನಿ. ನನಗೀಗ ಕೋಪವಿಲ್ಲ. ಕೋಪಕ್ಕೂ ಶಕ್ತಿ ಬೇಕಲ್ಲ.

ಇಂತು,
ನಿಮ್ಮ ಹಳೆಯ ಶಿಷ್ಯೆ

ಮರೆತ ಮಾತು: ಕೊನೆಯ ಪುಟದಲ್ಲಿ ಎರಡು ತಲೆಯ ಮೈಕ್ರೋಸ್ಕೋಪ್ ಇದೆ. ನೀವು ಬೇಡವೆಂದು ಅದಕ್ಕೆ ಪೆನ್ಸಿಲಿನಿಂದ ಅಡ್ಡ ಗೀಟು ಹಾಕಿ, ಒಬ್ಬನಿಗೆ ಇದೇಕೆ ಎಂದು ಪಕ್ಕದಲ್ಲಿ ಬರೆದಿದ್ದೀರಿ. ಎದುರುಬದುರು ಕೂತು ಇಬ್ಬರೂ ಒಂದೇ ಸ್ಲೈಡನ್ನು ಒಟ್ಟಿಗೆ ನೋಡಬಹುದಂತೆ. ಇಗೋ ಇಲ್ಲಿ ಎಂದು ತೋರಿಸಲು ಒಳಗೊಂದು ಪುಟ್ಟ ಬಾಣವೂ ಇದೆಯಂತೆ. ನನ್ನನ್ನು ಕೇಳದೆ ಗೀಟು ಹಾಕಿದ್ದೇಕೆ? ಅದನ್ನೇ ತರುವುದಾದರೆ ಎದುರಿನ ಸ್ಟೂಲಿನ ಮುಂದೆ ಕಾಲಿಡಲು ಒಂದು ಮಣೆ ಇಡಿ. ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ.