ನಾಲ್ಕನೆಯ ದಿನದ ಹಾಳೆ

ಸಮತಾಪ ಶಕೆ ೩೧೨, ಹದಿನಾಲ್ಕನೆಯ ತಿಂಗಳು, ನಲವತ್ತನೆಯ ದಿನ

ನಮಗಿಂತ ಮುಂಚೆ ನಡೆದಾಡಿದವರಿಗೆ,

ನಿಮ್ಮ ಕನ್ನಡವನ್ನು ನಾನು ಹರಿದ ಕರಪತ್ರಗಳಿಂದ ಕಲಿತೆ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನಾನು ಹುಲಿಗೆಮ್ಮ, ವಯಸ್ಸು ಹತ್ತೊಂಬತ್ತು. ರಾಯಚೂರು ಸೀಮೆಯ ಹಳೆಯ ಗಣಿಯೊಂದರ ಆಳದಲ್ಲಿ ನಮ್ಮ ಊರು. ಇಲ್ಲಿ ಯಾರೂ ನಡೆಯುವುದಿಲ್ಲ. ತೂಗುಪೀಠಗಳು ನಮ್ಮನ್ನು ಹಾಸಿಗೆಯಿಂದ ಊಟಕ್ಕೆ, ಊಟದಿಂದ ಕೆಲಸಕ್ಕೆ ಹೊತ್ತೊಯ್ಯುತ್ತವೆ. ಹತ್ತು ತುಂಬಿದ ಕೂಡಲೇ ಎದೆಯ ಚರ್ಮದಡಿ ಎದೆಗಡಿ ಎಂಬ ಗುಂಡಿ ಕೂರಿಸುತ್ತಾರೆ. ನಾಡಿ ತೊಂಬತ್ತು ದಾಟಿದರೆ ಅದು ಜಗ್ಗಿ ಇಳಿಸುತ್ತದೆ. ಬೆವರು ಎಂಬ ನಿಮ್ಮ ಮಾತು ಇಲ್ಲಿ ಸತ್ತುಹೋಗಿದೆ. ನಾವು ಸೋರಿಕೆ ಎನ್ನುತ್ತೇವೆ, ಮೂಗು ಮುಚ್ಚಿಕೊಂಡು. ಅನ್ನದ ಮುದ್ದೆಯಂಥ ತೊಡೆಗಳನ್ನು ಪೀಠದ ಮೇಲೆ ಹರಡಿಕೊಂಡು ಇದೇ ಆರೋಗ್ಯ ಎನ್ನುವ ಈ ಜನರನ್ನು ಕಂಡರೆ ನನಗೆ ಹೇಸಿಗೆ.

‘ದಣಿವು’ ಎಂಬ ಐದು ಹಾಳೆಯ ಕರಪತ್ರ ನನಗೆ ಸಿಕ್ಕಿತು. ಮೈಯನ್ನು ಜೋರಾಗಿ ದುಡಿಸಿದರೆ ಹೃದಯ ಓಡುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ, ಚರ್ಮ ಒದ್ದೆಯಾಗಿ ಮೈಯನ್ನು ತಂಪಾಗಿಸುತ್ತದೆ, ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುತ್ತವೆ ಎಂದು ಅದರಲ್ಲಿತ್ತು. ನಾನೂ ಗೆಳತಿ ತಾಯಮ್ಮನೂ ಎದೆಗಡಿಗೆ ಅಯಸ್ಕಾಂತ ಕಟ್ಟಿ ಅದನ್ನು ನಿಲ್ಲಿಸಿ, ಗಣಿಯ ಕಲ್ಲುಮೆಟ್ಟಿಲು ಇನ್ನೂರು ಹತ್ತಿ ಇಳಿದೆವು. ನಾನು ವಾಂತಿ ಮಾಡಿಕೊಂಡೆ. ಕಣ್ಣಿಗೆ ಉಪ್ಪು ಇಳಿಯಿತು. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಕೆಳಗೆ ಪಕ್ಕದ ಪೀಠದ ಹೆಂಗಸು ತಾಯಮ್ಮನನ್ನು ನೋಡಿ, ‘ಈಕಿ ಸೋರಾಕತ್ತ್ಯಾಳ, ಪೈಪಿನವನ್ನ ಕರೀರಿ’ ಎಂದು ಕೂಗಿದಳು. ಪೈಪಿನವನು ಬಂದೇ ಬಿಟ್ಟ, ಸ್ಪ್ಯಾನರ್ ಹಿಡಿದು.

ಅದಾಗಿ ಇಂದಿಗೆ ಮೂರು ದಿನ. ತಾಯಮ್ಮ ಕಾಲು ಮಡಚಲಾರಳು. ‘ತೊಡಿ ಮುಟ್ಟಿದ್ರ ಜೀವ ಹೋಗ್ತದಲೇ ಹುಲಿಗಿ. ಇದು ಇಳಿತದೋ ಇಲ್ಲೋ, ನಿನ್ನ ಹಾಳ್ಯಾಗ ನೋಡಿ ಹೇಳು’ ಎನ್ನುತ್ತಾಳೆ. ಐದನೆಯ ಹಾಳೆ ‘ಮೂರನೆಯ ದಿನವೂ ನೋವಿದ್ದರೆ’ ಎಂಬಲ್ಲಿ ಹರಿದಿದೆ. ಊರಿನ ವೈದ್ಯ, ಅಂದರೆ ಕ್ಷೇಮಪಾಲಕ, ಅವಳ ತಲೆ ಸವರಿ ಹೇಳಿದ: ‘ಹರಿದದ್ದು ಮತ್ತ ಕೂಡಂಗಿಲ್ಲವ್ವ. ಕಾಲಿನ ನರ ತಗಿಸಿಬಿಡು, ನೋವೂ ಇರಂಗಿಲ್ಲ. ಪೀಠ ಐತಲ್ಲ?’ ನಾಳೆ ಮಧ್ಯಾಹ್ನ ಅವಳು ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕು. ಅವಳನ್ನು ಕರೆದೊಯ್ದವಳು ನಾನು.

ನಿಮ್ಮ ಮೇಲೂ ನನಗೆ ಹೇಸಿಗೆಯೇ. ನಿಂತಲ್ಲೇ ಓಡುವ ಯಂತ್ರ ತಂದು ಅದರ ಮೇಲೆ ಒದ್ದೆ ಟವಲ್ ಒಣಹಾಕಿದವರು ನೀವು. ಆ ಚಿತ್ರ ನನ್ನ ಬಳಿ ಇದೆ. ಒಂದು ಮಹಡಿ ಹತ್ತಲು ಲಿಫ್ಟಿಗೆ ಕಾದು ನಿಂತವರು ನೀವು. ಹಾಗೆ ಕಾಯುತ್ತ ಕಾಯುತ್ತ ನಮ್ಮ ಪೀಠಗಳನ್ನು ಕಟ್ಟಿದಿರಿ.

ಆದರೂ ಒಂದು ಕೆಲಸ ಮಾಡಿ. ಈ ಮೆಟ್ಟಿಲು ನಿಮ್ಮ ಕಾಲದಲ್ಲೂ ಇತ್ತು. ನಿಮ್ಮಲ್ಲಿ ಒಬ್ಬರಾದರೂ ಮೈ ಬಸಿಯುವಷ್ಟು ಓಡಿ, ನಾಲ್ಕು ದಿನ ಕಾದು, ಆದದ್ದನ್ನು ಇನ್ನೂರನೆಯ ಮೆಟ್ಟಿಲಿನ ಪಕ್ಕದ ಬಂಡೆಯಲ್ಲಿ ಕೊರೆಯಿರಿ. ನೀವು ಕೊರೆದದ್ದು ನಾಳೆ ಅಲ್ಲಿರುತ್ತದೆ. ನನ್ನ ತೊಡೆಯೂ ಉರಿಯುತ್ತಿದೆ, ಆದರೂ ಬೆಳಿಗ್ಗೆ ಹತ್ತಿ ನೋಡುತ್ತೇನೆ. ನಾಳೆ ನಾಲ್ಕನೆಯ ದಿನ. ಬಂಡೆ ಬರಿದಾಗಿದ್ದರೆ ನಿಮ್ಮನ್ನು ಶಪಿಸುತ್ತೇನೆ. ಆಮೇಲೆ ಕೆಳಗಿಳಿದು, ತಾಯಮ್ಮ ಹೆಬ್ಬೆಟ್ಟು ಒತ್ತುವ ಮೊದಲು, ಅಲ್ಲಿಯವರೆಗೆ ನನ್ನನ್ನು ಒಯ್ದ ಈ ಕಾಲುಗಳನ್ನೇ ಅವಳಿಗೆ ತೋರಿಸುತ್ತೇನೆ.

ಹುಲಿಗೆಮ್ಮ