ಸಗರದ ಸ್ಲ್ಯಾಬು

ಡಿಸೆಂಬರ್ ೧೯, ಸಂಜೆ
ಸಗರದ ಅಂಗನವಾಡಿಯ ಸ್ಲ್ಯಾಬ್ ಮುಗಿಯಿತು. ಅಂಗೈ ಇನ್ನೂ ಉರಿಯುತ್ತಿದೆ. ಕಲ್ಲಿದ್ದಲಿನ ಬೂದಿ ಹೆಚ್ಚು ಬೆರೆಸಿದ ಹೊಸ ಸಿಮೆಂಟು — ತಯಾರಿಸುವಾಗ ಇಂಗಾಲದ ಹೊಗೆ ಕಡಿಮೆಯಂತೆ. ತಾಲೂಕಿಗೆ ಇದೊಂದೇ ಟ್ರಯಲ್. ಪಾಸಾದರೆ, ಇದನ್ನು ಬಳಸುವ ನನ್ನಂಥ ಕಾಂಟ್ರ್ಯಾಕ್ಟರಿಗೆ ಸರ್ಕಾರಿ ಟೆಂಡರಿನಲ್ಲಿ ಮೊದಲ ಅವಕಾಶ. ಫೇಲಾದರೆ ಸ್ಕೀಮು ಇಲ್ಲಿಗೇ ಬಂದ್.

ಎಂಜಿನಿಯರ್ ಲಕ್ಷ್ಮಿಕಾಂತ ಸಾಹೇಬರು ಹೋಗುವಾಗ ಹೇಳಿದರು: "ಇದು ನಿಧಾನಕ್ಕ ಗಟ್ಟಿ ಆಗ್ತದ. ಚಳಿ ಬ್ಯಾರೆ. ಮೂರು ವಾರ ಕೆಳಗಿನ ಸೆಂಟ್ರಿಂಗ್ ಕೋಲು ಬಿಚ್ಚಬ್ಯಾಡ್ರಿ."

ಮೇಸ್ತ್ರಿ ಶಾಂತಪ್ಪ ನಕ್ಕ. "ಮೂರು ವಾರ ಅಂದ್ರ ಬಾಣಂತನ ಮಾಡಿದಂಗ ಆತಲ್ರಿ ಮಾಲಕ."

ಡಿಸೆಂಬರ್ ೨೪
ಅಂಗನವಾಡಿಯ ಚಂದಮ್ಮ ಬಂದಿದ್ದಳು, ಹಿಂದೆ ಮಕ್ಕಳ ದಂಡು. ಸದ್ಯ ತಗಡಿನ ಶೆಡ್ಡಿನಲ್ಲೇ ಅವರ ಪಾಠ.

"ಯಾವಾಗ ಒಳಗ ಕುಂದ್ರಸ್ಲಿ, ಮಹೇಶಣ್ಣ?"

"ಸಂಕ್ರಾಂತಿ ಆಗ್ಲಿ ಅಕ್ಕೋರ."

"ಹುಡುಗ್ರು ಮುಂಜಾನಿ ನಡಗ್ತಾವ, ಮಧ್ಯಾಹ್ನ ಬೇಯ್ತಾವ. ನಿನ್ನ ಸಂಕ್ರಾಂತಿಗಿ ಲಗೂ ಬಾ ಅನ್ನು."

ಡಿಸೆಂಬರ್ ೩೧
ನಿನ್ನೆ ಎಳ್ಳಮಾವಾಸ್ಯೆ. ಕೆಂಭಾವಿಯಲ್ಲಿ, ಹೆಂಡತಿಯ ತವರಿನ ಹೊಲದಲ್ಲಿ ಉಂಡು ಮಲಗಿದ್ದೆ. ಬೆಳಿಗ್ಗೆ ಫೋನ್. ಸಗರಕ್ಕೆ ಓಡಿದೆ.

ಸ್ಲ್ಯಾಬ್ ನಡುವೆ ಜೋತುಬಿದ್ದಿದೆ. ಬಿರುಕಿನಲ್ಲಿ ಕೈ ಹೋಗುತ್ತದೆ. ಒಳಗೆ ಯಾರೂ ಇರಲಿಲ್ಲ — ಅಷ್ಟೇ.

ಬಿಚ್ಚಿದ ಕೋಲುಗಳ ರಾಶಿಯ ಮೇಲೆ ಶಾಂತಪ್ಪ ಕೂತಿದ್ದ.

"ಯಾಕ ಬಿಚ್ಚಿದ್ಯೋ?"

"ಎಳ್ಳಮಾಸಿಗಿ ಮನಿ ಕೋಲಿನ ಮ್ಯಾಲ ನಿಂದರಬಾರ್ದ್ರಿ. ನಮ್ಮಪ್ಪನೂ ಬಿಚ್ಚೇ ಚರಗ ಚೆಲ್ಲತಿದ್ದ. ಹತ್ತು ದಿನಕ್ಕ ಎಷ್ಟು ಮನಿ ಬಿಚ್ಚೀನಿ, ಒಂದೂ ಬಾಗಿಲ್ಲ."

ಮೂಲೆಯಲ್ಲಿ ಭೂತಾಯಿಗೆಂದು ಚರಗದ ಎಡೆ ಚೆಲ್ಲಿದ್ದ — ಸಜ್ಜೆ ಕಡುಬು, ಭಜ್ಜಿ. ಮಕ್ಕಳ ಹೊಟ್ಟೆ ತುಂಬಿರಲಿ ಎಂದು. ಇರುವೆ ಮುತ್ತಿದ್ದವು.

ಜನವರಿ ೩, ಯಾದಗಿರಿ
ಸಾಹೇಬರು ಬಾಗಿಲು ಮುಚ್ಚಿದರು. "ಸಿಮೆಂಟ್ ಸರಿ ಇಲ್ಲ ಅಂತ ರಿಪೋರ್ಟ್ ಹಾಕ್ತೀನಿ. ನೀನೂ ಉಳೀತಿ, ನಾನೂ ಉಳೀತೀನಿ."

"ತಪ್ಪು ನಮ್ದರಿ. ಬಿಚ್ಚಿದವರು ನಾವು."

"ಲೈಸೆನ್ಸ್ ಹೋಗ್ತದ."

"ಹೋಗ್ಲಿ, ಬರೀರಿ."

ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡರು. "ನೀ ಸಿಕ್ಕರ, ಮ್ಯಾಲ ನೋಡೋನು ಯಾರಿದ್ದ ಅಂತ ನನ್ನ ಹಿಡೀತಾರಪಾ. ಸಿಮೆಂಟು ಬಂದು ಯಾರನ್ನೂ ಕೇಳೂದಿಲ್ಲ."

ಚಹಾ ತರಿಸಿದರು. ಕುಡಿದೆ.

ಜನವರಿ ೧೭
ಸ್ಲ್ಯಾಬಿನ ದಿನವೇ ಅದೇ ಕಾಂಕ್ರೀಟಿನಲ್ಲಿ ಅಚ್ಚು ಹಾಕಿ ನೀರಲ್ಲಿಟ್ಟ ಕ್ಯೂಬುಗಳನ್ನು ಲ್ಯಾಬಿನಲ್ಲಿ ಒಡೆದರು. ಪಾಸು. ಬೇಕಾದದ್ದಕ್ಕಿಂತ ಹೆಚ್ಚೇ ಭಾರ ತಡೆದಿವೆ. ಸಿಮೆಂಟಿನಲ್ಲಿ ಏನೂ ದೋಷವಿಲ್ಲ.

ಸಾಹೇಬರಿಗೆ ಫೋನ್ ಮಾಡಿದೆ. "ಸ್ಕೀಮ್ ಬಂದ್ ಮಾಡಿ ಆರ್ಡರ್ ಬಂದಾದ ಮಹೇಶ. ಇನ್ನ ಅದನ್ನ ತಗೊಂಡು ಏನ್ ಮಾಡ್ತಿ?"

ಫೆಬ್ರವರಿ ೧೧
ಸ್ಲ್ಯಾಬ್ ಒಡೆಸುತ್ತಿದ್ದೇವೆ. ಮರುಟೆಂಡರ್ — ಹಳೆ ಸಿಮೆಂಟು. ಕೆಲಸ ನನಗೇ ಕೊಟ್ಟಿದ್ದಾರೆ. ಶಿರವಾಳದಲ್ಲಿ ಒಬ್ಬರು ಮನೆಗೆ ತರಿಸಿದ್ದ ಬೂದಿ ಇಟ್ಟಿಗೆಯನ್ನೂ ವಾಪಸು ಕಳಿಸಿದರಂತೆ.

ಚಂದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಧೂಳಿನಲ್ಲಿ ನಿಂತಿದ್ದಳು. "ಬೂದಿ ಸಿಮೆಂಟೇ ಖರಾಬ್ ಇತ್ತಂತಲ್ಲ, ಮಹೇಶಣ್ಣ? ಪಾಪ, ನಿನಗೇನ್ ಗೊತ್ತು."

ಶಾಂತಪ್ಪನ ಸುತ್ತಿಗೆ ನಿಂತಿತು. ಅವನು ನನ್ನ ಕಡೆ ನೋಡಲಿಲ್ಲ. ಅವನ ಆಳುಗಳೆಲ್ಲ ನೋಡಿದರು.

"ಹೌದ್ರಿ ಅಕ್ಕೋರ," ಅಂದೆ.

ಫೆಬ್ರವರಿ ೧೨
ಚಂದಮ್ಮನಿಗೆ ನಿಜ ಹೇಳಲೇಬೇಕೆಂದು ಬೆಳಿಗ್ಗೆಯೇ ಸಗರಕ್ಕೆ ಹೋದೆ. ಶೆಡ್ಡಿನೊಳಗೆ ಮಕ್ಕಳು ಹಾಡುತ್ತಿದ್ದರು. ಅಷ್ಟರಲ್ಲಿ ಹಳೆ ಸಿಮೆಂಟಿನ ಲಾರಿ ಬಂತು. ಇಳಿಸಿಕೊಳ್ಳಲು ನಿಂತೆ. ಆಮೇಲೆ ಶೆಡ್ಡಿನ ಕಡೆ ಹೋಗದೆ ಮನೆಗೆ ಬಂದೆ.