ಬಲಗೈಗೇ ಬೇಕಂತೆ

ಸೆಪ್ಟೆಂಬರ್ 4, ಬೆಳಿಗ್ಗೆ

ಇನ್ನೊಂದು ಪಾರ್ಸೆಲ್. ಅಮೆರಿಕದಲ್ಲಿ ಯಾರೋ ಆಡಿ ಬಿಸಾಕಿದ ಬೇಸ್‌ಬಾಲ್ ಗ್ಲೌಸು. ಆನ್‌ಲೈನ್ ಹರಾಜಿನಲ್ಲಿ ಗೆದ್ದು ಹೊಳೆನರಸೀಪುರಕ್ಕೆ ತರಿಸಿಕೊಂಡವರು ನನ್ನ ಯಜಮಾನರು. ಜನ್ಮದಲ್ಲಿ ಒಂದು ಚೆಂಡು ಹಿಡಿದವರಲ್ಲ. ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ... 1950ರ ಚರ್ಮ!" ಎಂದರು. ವಾಸನೆಯಲ್ಲೇ ಇಸವಿ ಹೇಳುವ ಮಹಾನುಭಾವರು. ಹುಳಿ ಹಳಸಿದ್ದು ಮಾತ್ರ ಗೊತ್ತಾಗುವುದಿಲ್ಲ.

ಅತ್ತೆ ದೇವರಮನೆಯಿಂದಲೇ: "ಗಿರಿ, ಆ ಚರ್ಮಾನ ಒಳಗೆ ತರಬೇಡ್ವೋ, ಮಡಿ ಕೆಡತ್ತೆ." ಹಾಗಾಗಿ ಜಗಲಿಯಲ್ಲಿ ಗಾಜಿನ ಬೀರು. ಅದಕ್ಕೆ ಬೀಗ. ಕೀಲಿಕೈ ಅವರ ಜನಿವಾರದಲ್ಲಿ.

ಸೆಪ್ಟೆಂಬರ್ 5

ನಿನ್ನೆ ಬರೆಯದೆ ಬಿಟ್ಟದ್ದು — ಇವರು ಕೊಳ್ಳುವುದು ಬಲಗೈಗೆ ಹಾಕುವ ಗ್ಲೌಸು ಮಾತ್ರ. "ಎಡಗೈಗೆ ಹಾಕೋದು ನಮ್ಮ ಮನೆಗೆ ಆಗಿಬರಲ್ಲ ಕಣೇ. ತಮಾಷೆ ನೋಡು, ಬಲಗೈದಕ್ಕೆ ಹರಾಜಲ್ಲಿ ಪೈಪೋಟೀನೇ ಇಲ್ಲ. ಅಮೆರಿಕದವರಿಗೆ ಬುದ್ಧಿ ಎಲ್ಲಿದೆ?"

ಬುದ್ಧಿಯಂತೆ! ಎಸೆಯುವ ಕೈ ಖಾಲಿ ಇರಬೇಕು, ಗ್ಲೌಸು ಇನ್ನೊಂದು ಕೈಗೆ. ಬಲಗೈಯಲ್ಲಿ ಎಸೆಯುವವರು ಎಡಗೈಗೇ ಹಾಕಿಕೊಳ್ಳುವುದು. ಇವರ ಬೀರುವಿನಲ್ಲಿರುವುದೆಲ್ಲ ಎಡಚರ ಗ್ಲೌಸು. ಕೇಳುವವರು ಕಡಿಮೆ, ಅದಕ್ಕೇ ಪೈಪೋಟಿಯಿಲ್ಲ. ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಈ ಮನೆಯಲ್ಲಿ ನಗುವುದಕ್ಕೆ ಬೇರೇನಿದೆ?

ನಾನೂ ಎಡಚಿಯೇ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದೆ, ಫಸ್ಟ್ ಬೇಸ್ ಕಾಯುವವಳು. ಮದುವೆಯಾದ ಹೊಸದರಲ್ಲಿ ಎಡಗೈಯಲ್ಲಿ ತುಪ್ಪ ಬಡಿಸಿದೆನೆಂದು ಪಂಕ್ತಿಯ ನಡುವೆಯೇ ಅತ್ತೆ ಮಿಳ್ಳೆ ಕಸಿದುಕೊಂಡರು. ಇವರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಅವತ್ತಿನಿಂದ ಆ ಕೈ ಪಾತ್ರೆ ತಿಕ್ಕುವುದಕ್ಕೆ ಮಾತ್ರ.

ಸೆಪ್ಟೆಂಬರ್ 12

ಚನ್ನರಾಯಪಟ್ಟಣದಿಂದ ನೇತ್ರಾ ಫೋನು. ಆಗ ನಮ್ಮ ಟೀಮಿನಲ್ಲಿ ಚೆಂಡೆಸೆಯುವ ಪಿಚರ್, ಈಗ ಹಾಲಿನ ಡೈರಿಯ ಸೆಕ್ರೆಟರಿ. ಅವಳ ಬಾಯಲ್ಲಿ ಹಂಸ ಯಾವತ್ತೂ ಅಂಸವೇ. ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿನಿಯರ ಮ್ಯಾಚಂತೆ, 22ಕ್ಕೆ. "ಬಾರೇ ಅಂಸ! ನೀನಿಲ್ದೆ ಫಸ್ಟ್ ಬೇಸ್ನಾಗೆ ಯಾರ್ ನಿಂತ್ಕತಾರೆ? ಎಡಗೈಯೋರ ಗ್ಲೌಸು ಮಾತ್ರ ಇಲ್ಲಿಲ್ಲ ಕಣೇ, ನೀನೇ ತಕಂಡ್ ಬಾ."

ಆಡಬೇಕು. ಏನಾದರಾಗಲಿ, ಆಡಲೇಬೇಕು. ಮಾನ ಬಿಟ್ಟು ಕೇಳಿದೆ.

"ಆಡೋಕಾ? ಇದು ಕಲೆಕ್ಷನ್ ಕಣೇ! ಬೆವರು ತಾಗಿದ್ರೆ ಮುಗೀತು. ಅಷ್ಟಕ್ಕೂ ಈ ವಯಸ್ಸಲ್ಲಿ ಕುಣಿದಾಡಿದ್ರೆ ಜನ ನಗ್ತಾರೆ."

ಆ ಹೊಟ್ಟೆ ಹೊತ್ತು ಇವರು ಪಾರ್ಕಿನಲ್ಲಿ ಯೋಗ ಮಾಡುವಾಗ ಜನ ಅಳುತ್ತಿದ್ದರೇನೋ.

ಸೆಪ್ಟೆಂಬರ್ 20

ಮತ್ತೊಂದು ಪಾರ್ಸೆಲ್. ಅವರು ಹಾಸನದ ಕಾಲೇಜಿಗೆ ಹೋಗಿದ್ದರು, ಪಾಠ ಹೇಳಿ ಇನ್ನಷ್ಟು ಜನರನ್ನು ದಡ್ಡರನ್ನಾಗಿಸಲು. ಸಹಿ ಹಾಕಿ ತೆಗೆದುಕೊಂಡೆ. ಬಿಚ್ಚಿದೆ. ಬಲಗೈ ತೂರಿಸಿದೆ... ಸರಿಯಾಗಿ ಕೂತಿತು. ಅಳು ಬಂತು. ಥೂ, ಈ ಮನೆಯಲ್ಲಿ ಅಳುವುದಕ್ಕೂ ಒಂದು ಹಳೆಯ ಚರ್ಮ ಬೇಕಾಯಿತು. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ಅತ್ತೆಯ ಮಡಿಯನ್ನು ಆ ನರಸಿಂಹಸ್ವಾಮಿಯೇ ಕಾಯಲಿ.

ಸೆಪ್ಟೆಂಬರ್ 22, ಸಂಜೆ

ಆಡಿದೆ! ಮೊದಮೊದಲು ಬಂದದ್ದೆಲ್ಲ ಕೈಬಿಟ್ಟೆ. ಆಮೇಲೊಂದು ಚೆಂಡು ಚಪ್ಪೆಂದು ಗ್ಲೌಸಿನೊಳಗೆ ಕೂತಿತು. ಎಡಗೈಯಲ್ಲಿ ಬೀಸಿ ಓಟ ಮುಗಿಯುವ ಹೋಮ್‌ಗೆ ಎಸೆದೆ, ಓಡಿ ಬರುತ್ತಿದ್ದವಳು ಔಟ್. "ಕೈ ಸತ್ತಿಲ್ಲ ಕಣೇ ನಿಂದು!" ಎಂದು ನೇತ್ರಾ ಅಪ್ಪಿಕೊಂಡಳು. ಭುಜ ಸಿಡಿಯುತ್ತಿದೆ. ಸಿಡಿಯಲಿ.

ಸೆಪ್ಟೆಂಬರ್ 24

ಮತ್ತೆ ಪ್ಯಾಕ್ ಮಾಡಿ, ಇವತ್ತೇ ಬಂತೆಂದು ಕೊಟ್ಟೆ. ಬೆರಳ ಸಂದಿಯ ಕೆಮ್ಮಣ್ಣು ಕಂಡು ಸಂಗ್ರಾಹಕರು ಕನ್ನಡಕ ಏರಿಸಿದರು. "ನೋಡೇ, ಅಮೆರಿಕದ ಮೈದಾನದ ಮಣ್ಣು! ಮುಟ್ಟಬೇಡ!" ಕೊಳೆ ಉದುರೀತೆಂದು ಹತ್ತಿಯ ಮೇಲೆ ಇಟ್ಟಿದ್ದಾರೆ.

ಅಕ್ಟೋಬರ್ 9

ಇಷ್ಟು ದಿನ ಒಳಗೊಳಗೇ ನಕ್ಕದ್ದಕ್ಕೆ ಇವತ್ತು ಕಲ್ಲು ಬಿತ್ತು. ಇವರ ಕಾಲೇಜಿನ ಪಿ.ಟಿ. ಮೇಷ್ಟ್ರು ಹರ್ಷವರ್ಧನ್ ಬಂದವರು ಬೀರು ನೋಡಿ, "ಸಾ, ಇವೆಲ್ಲಾ ಎಡಗೈಲಿ ಎಸೆಯೋರ ಗ್ಲೌಸಲ್ವಾ?" ಎಂದುಬಿಟ್ಟರು. ಯಜಮಾನರ ಮುಖ ಸುಟ್ಟ ಬದನೆಕಾಯಿ. ಅತ್ತೆಯ ಕಿವಿ ಇಂಥದ್ದಕ್ಕೆ ಬಲು ಚುರುಕು. "ಎಡಚರದ್ದಾ? ಆಯುಧಪೂಜೆಗೆ ಮುಂಚೆ ಮನೆಯಿಂದಾಚೆ ಹೋಗ್ಬೇಕು!"

ಎಲ್ಲವನ್ನೂ ಹರಾಜಿಗೆ ಹಾಕುತ್ತಾರಂತೆ. ನಾನು ಆಡಿದ್ದನ್ನೂ.

"ಅದೊಂದು ನನಗೆ ಕೊಡಿ, ರೀ."

"ಆ ಎಡಗೈ ಚಾಳಿ ಬಿಡಿಸಿ ಎಷ್ಟು ಕಾಲವಾಯ್ತು. ಮತ್ಯಾಕೆ?"

ಚಾಳಿಯಂತೆ. ಇಂಥವರಿಗೆ ಇನ್ನೊಂದು ಸಲ ಕೈಯೊಡ್ಡುವುದಿಲ್ಲ. ನೇತ್ರಾಗೆ ಫೋನ್ ಮಾಡಿದೆ. ಬರುವ ತಿಂಗಳು ಅರಕಲಗೂಡಿನಲ್ಲಿ ಮ್ಯಾಚ್ ಇದೆಯಂತೆ. ಬರುತ್ತೇನೆ ಎಂದೆ.

ಅಕ್ಟೋಬರ್ 10, ಸಂಜೆ

ಒಂದೇ ದಿನದ ಹರಾಜು. ನಾನು ಆಡಿದ್ದಕ್ಕೆ ಬೆಲೆ ಕೂಗುತ್ತಿರುವ ಹೆಸರು ನೇತ್ರಾಳದು, ವಿಳಾಸ ನೇತ್ರಾಳದು, ದುಡ್ಡು ನಾನು ಟ್ಯೂಷನ್ ಹೇಳಿ ದುಡಿದದ್ದು. ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತಿದ್ದೇನೆ. ಜಗಲಿಯಿಂದ ಕೂಗು: "ಹಂಸ, ಬಾರೇ! ಆ ಕೊನೇದಕ್ಕೆ ಚನ್ನರಾಯಪಟ್ಟಣದ ಯಾವಳೋ ದಡ್ಡಿ ಬಿದ್ದಿದ್ದಾಳೆ!"

"ಹೌದೇನ್ರೀ?" ಎಂದೆ.

ಈಗ ಬೆಂಗಳೂರಿನವನೊಬ್ಬ ನನಗಿಂತ ಮೇಲೆ ಹೋದ. ಜಗಲಿಯಲ್ಲಿ ಚಪ್ಪಾಳೆ. ಮತ್ತೆ ಒತ್ತಿದೆ. ಅವನೂ ಬಿಡುತ್ತಿಲ್ಲ. ಒಗ್ಗರಣೆ ಸೀಯುತ್ತಿದೆ ಎಂದು ಅತ್ತೆ ಅರಚುತ್ತಿದ್ದಾರೆ... ಸೀಯಲಿ. ಬಿಡುವುದಿಲ್ಲ. ದುಡ್ಡು ಸಾಲದಿದ್ದರೆ ಅಡವಿಡಲು ಬಳೆ ಇದೆ. ಇನ್ನೊಂದು ಸಲ —